ಶಾಂತಿ ಸಭೆಯಲ್ಲಿ ನಾನಾಡಿದ ಮಾತು

ನನ್ನ ನೌಕರಿ ಏನು ಎಂದು ಯಾರಾದರೂ ಕೇಳಿದರೆ ನನ್ನ ಅಕ್ಕ ಸುತ್ತಿ ಬಳಸಿ ಹೇಳುವವಳಲ್ಲ. "ನನ್ನ ತಂಗಿ ಕುರ್ಚಿ ಹಾಕಸೋ ನೌಕರಿ ಮಾಡ್ತಾಳ" ಅನ್ನುತ್ತಾಳೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಆದರೆ ಅವಳು ಹೇಳುವುದು ಸುಳ್ಳಲ್ಲ. ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಹದಿನೆಂಟು ವರ್ಷದಿಂದ ನಾನು ಮಾಡುತ್ತ ಬಂದದ್ದು ಅದನ್ನೇ. ಕಾದಾಟ ನಡೆದ ದೇಶಗಳಲ್ಲಿ ಸಂಧಾನದ ಮಾತುಕತೆಗೆ ಕೂತಾಗ ಮೇಜಿನ ಸುತ್ತ ಬರೀ ಗಂಡಸರೇ ಇರುತ್ತಾರೆ. ಬಂದೂಕು ಹಿಡಿದವರು, ಹಿಡಿಸಿದವರು, ಅವರ ವಕೀಲರು. ಆ ಮೇಜಿಗೆ ಹೆಂಗಸರನ್ನು ತಂದು ಕೂರಿಸುವುದು, ಕೂತವರ ಮಾತಿಗೆ ಕಿವಿ ಕೊಡಿಸುವುದು, ಶಾಂತಿಪಾಲನೆಗೆ ಹೋಗುವ ಪಡೆಗಳಲ್ಲಿ ಮಹಿಳಾ ಅಧಿಕಾರಿಗಳಿಗೆ ಅಪ್ಪಣೆ ಕೊಡುವ ಹುದ್ದೆ ಸಿಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಒಮ್ಮೆ ಒಂದು ದೇಶದಲ್ಲಿ ನಾಲ್ಕು ಕುರ್ಚಿಗಳಿಗಾಗಿ ಹನ್ನೊಂದು ದಿನ ಜಗಳಾಡಿದ್ದೇನೆ. ಕೊನೆಗೆ ಮೂರು ಸಿಕ್ಕವು. ನಾಲ್ಕನೆಯವಳು ನಿಂತುಕೊಂಡೇ ಮಾತಾಡಿದಳು, ಉಳಿದ ಮೂವರಿಗಿಂತ ಚೆನ್ನಾಗಿ ಮಾತಾಡಿದಳು.

ನಾನು ಹುಟ್ಟಿದ್ದು ವನದುರ್ಗದಿಂದಾಚೆ ಒಂದು ಊರಿನ ಕೇರಿಯಲ್ಲಿ. ಊರ ಹೆಸರು ಹೇಳುವುದಿಲ್ಲ. ಹೇಳಿದರೆ ಮಾಡಿದ ತಪ್ಪನ್ನೇ ಇನ್ನೊಮ್ಮೆ ಮಾಡಿದಂತಾಗುತ್ತದೆ. ಅಪ್ಪ ಕನ್ನಡ ಶಾಲೆಯ ಮಾಸ್ತರ. ಗೋಡೆಗೆ ಬುದ್ಧನ ಪಟ ಹಾಕಿ, ಅದರ ಕೆಳಗೆ ಅಕ್ಕನನ್ನೂ ನನ್ನನ್ನೂ ಕೂರಿಸಿ ಮಗ್ಗಿ ಹೇಳಿಸಿದವನು. ನಾನು ಶಹಾಪುರ, ಕಲಬುರಗಿ, ಆಮೇಲೆ ಹೊರದೇಶ ಎಂದು ಓದಿಕೊಂಡು ಹೋದೆ. ಅಕ್ಕ ಅದೇ ಕೇರಿಗೆ ಸೊಸೆಯಾಗಿ ಉಳಿದಳು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಯಾರ ಹೊಲಕ್ಕೆ ಎಷ್ಟು ಜನ, ಯಾವ ದಿನ, ಯಾರಿಗೆ ಮೈಯಲ್ಲಿ ಹುಷಾರಿಲ್ಲ, ಎಲ್ಲ ಅವಳ ಬಾಯಲ್ಲೇ ತೀರ್ಮಾನ. ಅದನ್ನು ನಾನು ನಾಯಕತ್ವ ಎಂದು ಕರೆದವಳೇ ಅಲ್ಲ. ಅಕ್ಕನ ಗದ್ದಲ ಎನ್ನುತ್ತಿದ್ದೆ.

ಕಳೆದ ಚಳಿಗಾಲ ರಜೆಗೆ ಬರುವ ಹದಿನೈದು ದಿನ ಮೊದಲು ಅಕ್ಕನ ಫೋನು ಬಂತು. ಅವಳ ಮಗಳು ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಾಳೆ. ಬೆಳಗಿನ ಬಸ್ಸು ತಪ್ಪಿತೆಂದು ಊರ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ, ಒಳಗಿನ ಬೆಂಚಿನ ಮೇಲೆ ಕೂತು ಚಹಾ ಕೇಳಿದ್ದಳು. ಆ ಹೋಟೆಲಿನಲ್ಲಿ ಒಳಗೆ ಕೂತವರಿಗೆ ಗಾಜಿನ ಗ್ಲಾಸು, ಹೊರಗೆ ನಿಂತವರಿಗೆ ಕಾಗದದ ಕಪ್ಪು. ನಮ್ಮ ಕೇರಿಯವರು ಹೊರಗೆ ನಿಲ್ಲಬೇಕು ಎಂದು ಎಲ್ಲಿಯೂ ಬರೆದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಏಳು ಎಂದರಂತೆ. ಯಾಕೆ ಎಂದು ಇವಳು ಕೇಳಿದಳಂತೆ. ಊರ ಗೌಡನ ತಮ್ಮನ ಮಗ ಅಲ್ಲಿಯೇ ಚಹಾ ಕುಡಿಯುತ್ತಿದ್ದವನು ಎದ್ದು ಬಂದು ಅವಳ ಕೆನ್ನೆಗೆ ಹೊಡೆದ. ಅಕ್ಕ ಅದೇ ದಿನ ಪೊಲೀಸ್ ಠಾಣೆಗೆ ಹೋಗಿ ಕೇಸು ಮಾಡಿದಳು. ಮರುದಿನ ಊರಿನ ಗಂಡಸರು ಕೂಡಿ, ಕೇಸು ವಾಪಸು ತಗೊಳ್ಳುವ ತನಕ ಕೇರಿಯ ಯಾರನ್ನೂ ಹೊಲಕ್ಕೆ ಕರೆಯಬಾರದು ಎಂದು ಬಂದಿ ಹಾಕಿದರು. ಹೊಲ ತುಂಬ ಹತ್ತಿ ಬಾಯಿ ಬಿಟ್ಟು ನಿಂತ ಹೊತ್ತಿನಲ್ಲಿ.

ಫೋನು ಕೆಳಗಿಟ್ಟೆ. ಜಗತ್ತಿನ ಯಾವ ಯಾವುದೋ ಮೂಲೆಗೆ ಹೋಗಿ ಹೆಂಗಸರನ್ನು ಕುರ್ಚಿಯ ಮೇಲೆ ಕೂರಿಸಿ ಬಂದಿದ್ದೇನೆ. ನನ್ನ ಅಕ್ಕನ ಮಗಳಿಗೆ ನನ್ನ ಊರಲ್ಲಿ ಒಂದು ಬೆಂಚು ಸಿಗಲಿಲ್ಲ.

ಗುರುವಾರ ಸಂಜೆ ಊರು ಮುಟ್ಟಿದೆ. ಅಳುತ್ತ ಕೂತ ಅಕ್ಕನನ್ನು ನೋಡಬೇಕಾಗುತ್ತದೆ ಎಂದುಕೊಂಡು ಬಂದಿದ್ದೆ. ಅವಳು ಪುಂಡಿ ಪಲ್ಯ ಒಗ್ಗರಣೆ ಹಾಕುತ್ತ, ನಾಳೆ ನಸುಕಿಗೆ ಏಳು, ಹೊಲಕ್ಕೆ ಹೋಗುವುದಿದೆ ಎಂದಳು. ಯಾರ ಹೊಲಕ್ಕೆ ಎಂದೆ. ಗೌಡರ ಹೊಲಕ್ಕೆ ಎಂದಳು. ತಲೆ ಕೆಟ್ಟಿದೆಯೇನು ಎಂದು ಕೇಳಬೇಕೆನ್ನಿಸಿತು. ಮಗಳ ಕಡೆ ನೋಡಿದರೆ ಅವಳು ನಗುತ್ತಿದ್ದಳು.

ಹತ್ತಿ ಬಿಡಿಸುವ ಹೆಂಗಸರ ವೇಷ ನೋಡಿದವರಿಗೇ ಗೊತ್ತು. ಸೀರೆಯ ಮೇಲೆ ಗಂಡಂದಿರ ತುಂಬುತೋಳಿನ ಅಂಗಿ, ತಲೆಗೂ ಮುಖಕ್ಕೂ ಸೇರಿಸಿ ಬಿಗಿದ ಬಟ್ಟೆ. ಬಿಸಿಲಿಗೆ, ಧೂಳಿಗೆ, ಔಷಧ ಹೊಡೆದ ಎಲೆಯ ತುರಿಕೆಗೆ ಅದೇ ರಕ್ಷಣೆ. ಕಣ್ಣಷ್ಟೇ ಕಾಣಬೇಕು. ಅಕ್ಕ ನನಗೂ ಕಟ್ಟಿದಳು. ಊರು ಏಳುವ ಮೊದಲೇ ಕೇರಿಯ ಒಂಬತ್ತು ಹೆಂಗಸರು ಒಬ್ಬೊಬ್ಬರಾಗಿ ಕಾಲುವೆ ಸೇತುವೆಗೆ ನಡೆದೆವು. ಕಕ್ಕೇರಾದ ಕಡೆಯಿಂದ ಕೂಲಿ ಹೆಂಗಸರನ್ನು ತುಂಬಿಕೊಂಡ ಟಂಟಂ ಆಟೊ ಬಂದು ನಿಂತಿತು. ಅವರೂ ಮುಖ ಕಟ್ಟಿಕೊಂಡಿದ್ದರು. ಮಾತಿಲ್ಲದೆ ಸರಿದು ಜಾಗ ಕೊಟ್ಟರು. ಗೌಡನ ಹೊಲ ಮುಟ್ಟುವಾಗ ಯಾರು ಕಕ್ಕೇರಾದವರು, ಯಾರು ನಮ್ಮವರು ಎಂದು ನನಗೇ ತಿಳಿಯದಾಯಿತು.

ಹತ್ತು ಗಂಟೆಗೆ ಗೌಡ ಮೋಟಾರು ಸೈಕಲ್ ಮೇಲೆ ಬಂದು ಬದುವಿನ ಮೇಲೆ ನಿಂತ. ತಲೆ ಎಣಿಸಿದ. ಕಕ್ಕೇರಾದ ಮಂದಿಯ ಕೈ ಚುರುಕು, ನಮ್ಮ ಕೇರಿಯವರಿಗಿಂತ ಎಷ್ಟೋ ಪಾಲು ಮೇಲು ಎಂದು ಅಲ್ಲೇ ಇದ್ದ ಹೆಂಡತಿಗೆ ಗಟ್ಟಿಯಾಗಿಯೇ ಹೇಳಿ ಹೋದ. ಅವನಿಂದ ಮೂರು ಸಾಲಿನಾಚೆ ನನ್ನ ಅಕ್ಕ ಬಗ್ಗಿ ಕೈಯಾಡಿಸುತ್ತಿದ್ದಳು. ಬಟ್ಟೆಯೊಳಗೆ ಅವಳ ಭುಜ ನಗೆಯಿಂದ ಕುಲುಕುತ್ತಿತ್ತು. ನಾನು ಮಾತ್ರ ಮುಖದ ಬಟ್ಟೆ ಇನ್ನಷ್ಟು ಬಿಗಿದುಕೊಂಡೆ.

ಇಷ್ಟೆಲ್ಲ ಹೂಡಿದವರು ಆ ಹೆಂಡತಿಯೇ, ಗೌಡ್ತಿ. ಐವತ್ತು ದಾಟಿದ, ಹಣೆ ತುಂಬ ವಿಭೂತಿಯ, ಕಡಿಮೆ ಮಾತಿನ ಹೆಂಗಸು. ಆಳುಗಳನ್ನು ಕರೆಯುವ ಕೆಲಸ ಆ ಮನೆಯಲ್ಲಿ ಮೊದಲಿನಿಂದ ಅವರದೇ. ಬಂದಿ ಹಾಕಿದ ಮೂರನೇ ದಿನವೇ ಕಾಲುವೆಯಲ್ಲಿ ಬಟ್ಟೆ ಒಗೆಯುವ ನೆಪದಲ್ಲಿ ಬಂದು ಅಕ್ಕನಿಗೆ ಈ ದಾರಿ ತೋರಿಸಿದ್ದರಂತೆ. ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಅವರು ಮಜ್ಜಿಗೆ ಕೊಡ ಹಿಡಿದು ಬಂದರು. ಅಕ್ಕನ ಎದುರಿಗೇ ಕೂತು, ಅಕ್ಕನ ಬುತ್ತಿಯಿಂದ ಶೇಂಗಾ ಚಟ್ನಿ ತೆಗೆದು ರೊಟ್ಟಿಗೆ ಹಚ್ಚಿಕೊಂಡರು. ನಾನು ಅಗಿಯುವುದನ್ನು ಮರೆತು ನೋಡಿದೆ. ಚಿಕ್ಕಂದಿನಲ್ಲಿ ಅದೇ ಮನೆಯ ಹಿತ್ತಲಲ್ಲಿ ನಾನು ಬೊಗಸೆಯೊಡ್ಡಿ ನೀರು ಕುಡಿದಿದ್ದೇನೆ.

ಆಮೇಲೆ ನಡೆದದ್ದು ನಾನು ಕಂಡ ಅತ್ಯುತ್ತಮ ಸಂಧಾನ. ಉತ್ಪ್ರೇಕ್ಷೆಯಲ್ಲ, ಇದು ನನ್ನ ಕಸುಬು. ಕೇಸಿನ ವಿಷಯ ಕೋರ್ಟಿಗೆ ಬಿಟ್ಟದ್ದು, ಅದನ್ನು ಮುಟ್ಟುವುದಿಲ್ಲ ಎಂದು ಅಕ್ಕ ಮೊದಲೇ ಹೇಳಿದ್ದಳಂತೆ. ಗೌಡ್ತಿ ಅದನ್ನು ಕೇಳಲೂ ಇಲ್ಲ. ಮುಂದಿನ ವಾರ ಕೇರಿಯ ಹುಡುಗರು ಶಹಾಪುರದಿಂದ ಊರ ತನಕ ಮೆರವಣಿಗೆ ತೆಗೆಯುವವರಿದ್ದರು. ಅದು ಊರೊಳಗೆ ಬಂದರೆ ಕಲ್ಲು ಬೀಳುವುದು ಖಂಡಿತ ಎಂದು ಇಬ್ಬರಿಗೂ ಗೊತ್ತಿತ್ತು. ಮೆರವಣಿಗೆ ತಡೆಯುವುದು ಅಕ್ಕನ ಪಾಲು. ಗೌಡ್ತಿಯ ಪಾಲು ಯಾವುದು ಎಂಬುದರ ಮೇಲೆ ಮಾತು ನಡೆದಿತ್ತು.

"ನಮ್ಮ ಮೈದುನನ ಮಗನ್ನ ಕರಕೊಂಡು ಬರ್ತೀನಿ," ಎಂದರು ಗೌಡ್ತಿ. "ಬಾಯಿಬಿಟ್ಟು ತಪ್ಪಾತು ಅನ್ನಂಗಿಲ್ಲ ಅಂವ. ಅಷ್ಟು ನನ್ನ ಕೈಲಿ ಆಗಂಗಿಲ್ಲ."

"ಬಾಯಿಲೆ ಅನ್ನೋದು ಬ್ಯಾಡ್ರಿ," ಎಂದಳು ಅಕ್ಕ. "ನನ್ನ ಮಗಳು ಅದೇ ಬೆಂಚಿನ ಮ್ಯಾಗ ಕುಂತಿರ್ತಾಳ. ಗಾಜಿನ ಗ್ಲಾಸಿನಾಗ ಅಂವನೇ ಚಾ ತಂದು ಕೊಡ್ಲಿ. ನೀವು ಆಕಿ ಬಾಜೂಕ ಕುಂದರ್ರಿ. ಸಾಕು."

ಗೌಡ್ತಿ ರೊಟ್ಟಿಯ ಕೊನೆಯ ಚೂರು ತಿಂದು ಮುಗಿಸಿದರು. ಸೋಮವಾರ ಹತ್ತು ಗಂಟೆಗೆ, ಬಸ್ಸಿನ ಜನ ಸೇರಿದಾಗ ಎಂದರು. ಗೌಡನ ಮನೆಯ ಹೆಂಗಸೇ ನಾಲ್ಕು ಜನರ ಮುಂದೆ ಕೇರಿಯ ಹುಡುಗಿಯ ಪಕ್ಕದಲ್ಲಿ ಕೂತು ಚಹಾ ಕುಡಿದ ಮೇಲೆ ಬಂದಿ ಹಾಕಿದವರ ಬಾಯಿ ತಾನಾಗಿಯೇ ಮುಚ್ಚುತ್ತದೆ. ಎದುರಿನವರು ಕೊಡಲಾಗದ್ದನ್ನು ಕೇಳಲಿಲ್ಲ, ತನಗೆ ಬೇಕಾದದ್ದನ್ನು ಬಿಡಲಿಲ್ಲ ನನ್ನ ಅಕ್ಕ. ಇದನ್ನು ಕಲಿಸಲು ನಾವು ಆರು ವಾರದ ತರಬೇತಿ ಕೊಡುತ್ತೇವೆ. ಹಿಗ್ಗಿನಲ್ಲಿ ಇಬ್ಬರದೂ ಒಂದು ಫೋಟೊ ತೆಗೆದುಕೊಂಡೆ. ಅಕ್ಕ ನಕ್ಕಳು, ಬೇಡವೆನ್ನಲಿಲ್ಲ.

ಶನಿವಾರ ತಾಲೂಕಿನ ಅಧಿಕಾರಿಗಳು ಊರಿನಲ್ಲಿ ಶಾಂತಿ ಸಭೆ ಕರೆದಿದ್ದರು. ನಮ್ಮ ಕಡೆ ಇದೊಂದು ಪದ್ಧತಿ. ಜಗಳವಾದರೆ, ಹಬ್ಬ ಬಂದರೆ, ಪೊಲೀಸರು ಹಿರಿಯರನ್ನು ಕೂರಿಸಿ ಭಾಷಣ ಮಾಡಿಸಿ ಚಹಾ ಕುಡಿಸಿ ಕಳಿಸುತ್ತಾರೆ. ಊರಿನ ಮಗಳು ಹೊರದೇಶದಲ್ಲಿ ಇದೇ ಕೆಲಸ ಮಾಡುತ್ತಾಳೆ ಎಂದು ಯಾರೋ ಹೇಳಿ, ಅಧಿಕಾರಿಯೊಬ್ಬರು ನನಗೂ ಫೋನು ಮಾಡಿ ನಾಲ್ಕು ಮಾತಾಡಿ ಎಂದರು. ಹೆಂಗಸರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದರೆ ಮಾತ್ರ ಬರುತ್ತೇನೆ ಎಂದೆ. ಹಾಕಿಸಿದರು. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಗೌಡ್ತಿ, ಅವರ ಹಿಂದಿನ ಸಾಲಿನಲ್ಲಿ ಗೌಡ, ಅವನ ತಮ್ಮ. ಶಾಲೆಯ ಅಂಗಳ ತುಂಬಿತ್ತು. ನಾನು ಉಬ್ಬಿ ಹೋಗಿದ್ದೆ, ಯಾಕೆ ಸುಳ್ಳು ಹೇಳಲಿ.

ಹೊರದೇಶದ ಕತೆ ಹೇಳುತ್ತೇನೆ ಎಂದು ಎಲ್ಲರೂ ಕಾದಿದ್ದರು. ಎರಡು ಕತೆ ಹೇಳಿದೆ. ಗಂಡಸರು ಆಕಳಿಸತೊಡಗಿದರು. ಅದನ್ನು ಕಂಡು ನನ್ನ ಹಳೆಯ ಸಿಟ್ಟು ನೆತ್ತಿಗೇರಿತು. ಶಾಂತಿ ಮಾಡುವುದು ಹೇಗೆ ಎಂದು ತಿಳಿಯಲು ಹೊರದೇಶಕ್ಕೆ ಹೋಗಬೇಕಿಲ್ಲ, ಇದೇ ಊರಿನ ಹೊಲದಲ್ಲಿ ಇಬ್ಬರು ಹೆಂಗಸರು ಬುತ್ತಿ ಹಂಚಿಕೊಂಡು ಅದನ್ನು ಮಾಡುತ್ತಿದ್ದಾರೆ, ನೀವು ಬಂದಿ ಹಾಕಿದ ವಾರದಿಂದಲೇ ಕೇರಿಯ ಹೆಂಗಸರು ಮುಖ ಕಟ್ಟಿಕೊಂಡು ನಿಮ್ಮ ಹತ್ತಿಯನ್ನೇ ಬಿಡಿಸುತ್ತಿದ್ದಾರೆ, ನಿನ್ನೆ ನಾನು ಕಣ್ಣಾರೆ ಕಂಡೆ, ಅವರಿಬ್ಬರೂ ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಎದ್ದು ನಿಂತು ಗೌರವ ಕೊಡಿ ಎಂದೆ.

ಯಾರೂ ಏಳಲಿಲ್ಲ. ಗೌಡ್ತಿಯ ಮುಖ ನೋಡಿದೆ. ವಿಭೂತಿಯ ಕೆಳಗೆ ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಂದಿನ ಸಾಲಿನಿಂದ ಗೌಡ ಮುಂದಕ್ಕೆ ಬಾಗಿ, ಯಾವ ಹೊಲ ಎಂದು ಸಣ್ಣ ದನಿಯಲ್ಲಿ ಕೇಳಿದ. ಅವನು ಕೇಳಿದ್ದು ನನ್ನನ್ನಲ್ಲ, ಹೆಂಡತಿಯ ಬೆನ್ನನ್ನು. ಆಡಿದ ಮಾತು ಏನೆಂದು ನನಗೆ ತಿಳಿದದ್ದು ಆಗ.

ಅಷ್ಟರಲ್ಲಿ ಅಕ್ಕ ಎದ್ದಳು. ನನ್ನ ಕಡೆ ನೋಡಲಿಲ್ಲ. ಅಧಿಕಾರಿಗೆ ಕೈ ಮುಗಿದಳು.

"ಸಾಹೇಬ್ರ, ನನ್ನ ತಂಗಿ ಮಾತು ಮನಸಿಗಿ ತಗೋಬ್ಯಾಡ್ರಿ. ಆಕಿ ಇಲ್ಲಿ ಇರಂಗಿಲ್ಲ. ನಿನ್ನೆ ಕಕ್ಕೇರಾದ ಹೆಣ್ಮಕ್ಕಳನ್ನ ದೂರಿಂದ ನೋಡ್ಯಾಳ, ನಮ್ಮವರಂತ ತಿಳಕೊಂಡಾಳ. ನಾ ಮನ್ಯಾಗೇ ಇದ್ದೆ. ಇಕಿಗಿ ಸ್ವಂತ ಅಕ್ಕನ ಗುರ್ತ ಹತ್ತಂಗಿಲ್ರಿ."

ಅಂಗಳದಲ್ಲಿ ನಗೆ ಎದ್ದಿತು. ಕೇರಿಯವರೂ ನಕ್ಕರು, ಊರವರೂ ನಕ್ಕರು. ಅಷ್ಟು ದಿನದಲ್ಲಿ ಎರಡೂ ಕಡೆಯವರು ಕೂಡಿ ಮಾಡಿದ ಕೆಲಸ ಅದೊಂದೇ ಇರಬೇಕು. ನನಗೆ ಅನ್ನಿಸಿದ್ದು ಇಷ್ಟೇ: ಸುಳ್ಳು ಹೇಳುತ್ತಿದ್ದಾಳೆ, ನನ್ನನ್ನು ಎಲ್ಲರ ಮುಂದೆ ಪೆದ್ದಿ ಮಾಡುತ್ತಿದ್ದಾಳೆ. ನಾಚಿಕೆಯಾಗುತ್ತದೆ ಹೇಳಲು, ನನ್ನ ಕೈ ಮೊದಲು ಹೋದದ್ದು ಫೋನಿನ ಕಡೆಗೆ. ಅದರಲ್ಲಿ ಫೋಟೊ ಇತ್ತಲ್ಲ, ನಾನು ಹೇಳಿದ್ದು ನಿಜವೆಂದು ತೋರಿಸಲು. ಅಕ್ಕ ಆಗ ನನ್ನನ್ನು ನೋಡಿದಳು. ಅಂಥ ನೋಟವನ್ನು ಅವಳ ಕಣ್ಣಲ್ಲಿ ನಾನು ಹಿಂದೆ ಕಂಡಿರಲಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುತ್ತಿದ್ದಳು.

ತಪ್ಪು ತಿಳಿವಳಿಕೆಯಾಯಿತೇ ಮೇಡಂ ಎಂದು ಅಧಿಕಾರಿ ಕೇಳಿದರು. ಹೌದು, ಗುರುತು ತಪ್ಪಿತು ಎಂದೆ. ಚಪ್ಪಾಳೆ ಹೊಡೆದು ಕೂರಿಸಿದರು.

ನಾನು ಎಲ್ಲ ದೇಶದಲ್ಲಿಯೂ ಮೊದಲ ದಿನ ಹೇಳಿಕೊಡುವ ಪಾಠ ಒಂದಿದೆ. ಮೇಜಿಗೆ ಬರುವ ಮೊದಲು ಇಬ್ಬರ ನಡುವೆ ಒಳಗೊಳಗೆ ನಡೆಯುವ ಮಾತನ್ನು, ಆಡಿದವರೇ ಹೊರಗೆ ಹಾಕುವ ತನಕ ಮೂರನೆಯವರು ಬಾಯಿ ಬಿಡಬಾರದು. ಬಿಟ್ಟರೆ ಅದರಲ್ಲಿ ಯಾರು ಹೆಚ್ಚು ಧೈರ್ಯ ಮಾಡಿರುತ್ತಾರೋ ಅವರ ತಲೆ ಮೊದಲು ಹೋಗುತ್ತದೆ. ಪರದೇಶದ ಹೆಂಗಸರ ಗುಟ್ಟುಗಳನ್ನು ಹದಿನೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವಳು ನಾನು. ಆ ಪಾಠ ಶನಿವಾರ ನನಗೆ ಯಾಕೆ ನೆನಪಾಗಲಿಲ್ಲ? ಎಷ್ಟೋ ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಚೆನ್ನಾಗಿಲ್ಲ. ಅಲ್ಲಿನವರನ್ನು ನಾನು ಸಂಧಾನಕಾರರು ಎಂದು ನೋಡುತ್ತಿದ್ದೆ. ಇಲ್ಲಿ ಕೂತವಳು ನನ್ನ ಅಕ್ಕ. ಅವಳನ್ನು ನಾಲ್ಕು ಜನರಿಗೆ ಪರಿಚಯ ಮಾಡಿಸಿ ಉದ್ಧಾರ ಮಾಡಬೇಕು ಎಂದುಕೊಂಡೆ. ಅವಳಿಗೆ ಕಾಪಾಡಬೇಕಾದ ಗುಟ್ಟು ಇರಬಹುದು ಎಂದು ಹೊಳೆಯಲೇ ಇಲ್ಲ.

ನಕ್ಕವರೆಲ್ಲ ನಂಬಿದರು ಎಂದೇನಲ್ಲ. ಭಾನುವಾರ ಬೆಳಗ್ಗೆ ಗೌಡನೂ ಅವನ ತಮ್ಮನೂ ಹೊಲಕ್ಕೆ ಹೋಗಿ ಟಂಟಂ ತಡೆದು, ಎಲ್ಲರೂ ಮುಖದ ಬಟ್ಟೆ ಬಿಚ್ಚಿ ಎಂದರು. ಅಕ್ಕ ಮೊದಲೇ ಊಹಿಸಿ ನಮ್ಮವರನ್ನು ಕಳಿಸಿರಲಿಲ್ಲ. ಕಕ್ಕೇರಾದ ಹೆಂಗಸರು ಬಟ್ಟೆ ಬಿಚ್ಚಿದರು. ಬಿಚ್ಚಿ, ಗಂಡಸರು ಮುಖ ನೋಡಿ ಆಳು ಆರಿಸುವ ಹೊಲದಲ್ಲಿ ಕೆಲಸ ಮಾಡುವುದಿಲ್ಲ ಎಂದು ಬೈದು ತಿರುಗಿ ಹೋದರು. ಶುಕ್ರವಾರ ಎಣಿಸಿದ್ದಕ್ಕಿಂತ ಒಂಬತ್ತು ತಲೆ ಕಡಿಮೆ ಬಿದ್ದಿತ್ತು. ಗೌಡನಿಗೆ ಅಷ್ಟು ಸಾಕಾಯಿತು.

ಸೋಮವಾರ ಅಕ್ಕನ ಮಗಳು ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಬೇಡವೆಂದರೂ ಕೇಳಲಿಲ್ಲ. ಗೌಡ್ತಿ ಬಂದರೆ ಒಟ್ಟಿಗೆ ಒಳಗೆ ಹೋಗುತ್ತೇನೆ ಎಂದು ಹೋಟೆಲಿನ ಎದುರು ಬಿಸಿಲಿನಲ್ಲಿ ನಿಂತಳು. ಹತ್ತರಿಂದ ಒಂದು ಗಂಟೆಯ ತನಕ ನಿಂತಳು. ಯಾದಗಿರಿಯ ಎರಡು ಬಸ್ಸು ಅವಳ ಮುಂದೆಯೇ ಹೋದವು. ಹನ್ನೆರಡರ ಹೊತ್ತಿಗೆ ಗೌಡನ ಕಾರು ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಗೌಡ್ತಿ ಇದ್ದರು, ಮಡಿಲಲ್ಲಿ ಬಟ್ಟೆ ತುಂಬಿದ ಚೀಲವಿತ್ತು. ಸುರಪುರದ ತವರುಮನೆಗೆ ಕಳಿಸಿದರು ಎಂದು ಸಂಜೆಯ ಹೊತ್ತಿಗೆ ಊರೆಲ್ಲ ತಿಳಿಯಿತು.

ಇನ್ನು ಮೆರವಣಿಗೆ ನಡೆದೇ ನಡೆಯುತ್ತದೆ ಎಂದುಕೊಂಡೆ. ಆ ಕಡೆಯವರ ಮಾತು ಮುರಿದ ಮೇಲೆ ಈ ಕಡೆಯವರು ಯಾಕೆ ಉಳಿಸಿಕೊಳ್ಳಬೇಕು? ಅಕ್ಕ ಹುಡುಗರ ಮನೆ ಮನೆಗೆ ಹೋಗಿ ಮೆರವಣಿಗೆ ನಿಲ್ಲಿಸಿದಳು. ನನಗೆ ತಡೆಯಲಾಗಲಿಲ್ಲ. ಅವರು ಮಾತು ತಪ್ಪಿದರಲ್ಲ, ನೀನೊಬ್ಬಳೇ ಯಾಕೆ ನಡೆಸಬೇಕು ಎಂದು ಕೇಳಿದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಗೌಡ್ತೇರು ಮಾತು ತಪ್ಪಿಲ್ಲ," ಎಂದಳು. "ನೀ ತಪ್ಪಸಿದಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ರೊಟ್ಟಿ ಹಾಕಿಕೊಟ್ಟು ಬೆಣ್ಣೆ ಬೇಕೇನು ಎಂದು ಕೇಳಿದಳು.

ರಜೆ ಮುಗಿಯಲು ಎರಡು ದಿನವಿರುವಾಗ ಯಾರಿಗೂ ಹೇಳದೆ ಸುರಪುರಕ್ಕೆ ಹೋದೆ. ಗೌಡ್ತಿಯ ಅಣ್ಣನದು ಬಜಾರದಲ್ಲಿ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ಒಳಗೆ ಅವರು ಮೊರದಲ್ಲಿ ತೊಗರಿ ಬೇಳೆ ಆರಿಸುತ್ತ ಕೂತಿದ್ದರು. ಯಾರು ಬಂದವರು ಎಂದು ಅಣ್ಣ ಕೇಳಿದಾಗ ತಲೆ ಎತ್ತಿ ನನ್ನನ್ನು ನೋಡಿ, ಕಣ್ಣೂ ಮಿಟುಕಿಸದೆ, ಬಾಡಿಗೆ ಮನೆ ಕೇಳಲು ಬಂದವರು ಎಂದರು. ಅಣ್ಣ ಅಂಗಡಿಗೆ ಹೋದ. ಇಷ್ಟಾದ ಮೇಲೂ ಅವರು ನನ್ನನ್ನು ಕಾಪಾಡುತ್ತಿದ್ದರು, ಅಥವಾ ನನ್ನಿಂದ ತಮ್ಮನ್ನು.

ನೆಲದ ಮೇಲೆ ಕೂತು ತಪ್ಪಾಯಿತು ಎಂದೆ. ಅತ್ತುಬಿಟ್ಟೆ. ಎಷ್ಟೋ ಹೇಳಿದೆ. ಅವರು ಬೇಳೆಯಿಂದ ಕಲ್ಲು ಹೆಕ್ಕುತ್ತಲೇ ಇದ್ದರು. ಕೊನೆಗೆ ಒಂದೇ ಕೇಳಿದರು, ಹುಡುಗಿ ಬೆಂಚಿನ ಮೇಲೆ ಕೂತಳೇ ಎಂದು. ಇಲ್ಲ, ಮಧ್ಯಾಹ್ನ ಒಂದು ಗಂಟೆಯ ತನಕ ಹೊರಗೆ ನಿಂತಿದ್ದಳು ಎಂದೆ. ಅವರ ಕೈ ನಿಂತಿತು.

"ಹುಡುಗ ತಯಾರಿದ್ದ," ಎಂದರು. "ಅವತ್ತ ಹೊಸ ಅಂಗಿ ಹಾಕ್ಕೊಂಡು ನಮ್ಮ ಪಡಸಾಲ್ಯಾಗ ಬಂದು ಕುಂತಿದ್ದ. ನನಗ ಹೊಸ್ತಿಲ ದಾಟಾಕ ಬಿಡಲಿಲ್ಲ."

ಸಂಧಾನ ಇನ್ನೇನು ಆಗಿಯೇ ಬಿಡುವುದರಲ್ಲಿತ್ತು ಎಂಬುದು ನನಗೆ ಆ ಕ್ಷಣದ ತನಕ ಗೊತ್ತಿರಲಿಲ್ಲ. ಏನಾದರೂ ಮಾಡಬೇಕು, ಏನಾದರೂ ಸರಿಪಡಿಸಬೇಕು ಎಂಬ ತಳಮಳದಲ್ಲಿ, ಸಂಜೆ ಅಕ್ಕನ ಹತ್ತಿರ ಹೋಗುತ್ತೇನೆ, ಅವಳಿಗೆ ಹೇಳುವುದು ಏನಾದರೂ ಇದೆಯೇ ಎಂದು ಕೇಳಿದೆ.

ಅವರು ಮೊರ ಪಕ್ಕಕ್ಕಿಟ್ಟರು.

"ಅದ," ಎಂದರು. "ಹೇಳೋದು ಭಾಳ ಅದ. ಆದ್ರ ನಿನ್ನ ಕೈಲಿ ಹೇಳಿ ಕಳಸಂಗಿಲ್ಲವ್ವಾ."

ಆಮೇಲೆ ಅಂಗಡಿಯ ಕಡೆ ತಿರುಗಿ, ಶಹಾಪುರದ ಬಸ್ಸು ಎಷ್ಟಕ್ಕೆ ಎಂದು ಅಣ್ಣನನ್ನು ಕೇಳಿ, ನನಗೆ ಹೇಳಿದರು.